ಓದದೆ ಸಹಿ ಹಾಕುವವರ ನಾಡಿನಲ್ಲಿ

ಪುಸ್ತಕ ಬಿಡುಗಡೆಗಳಿಗೆ ಹೋಗಿ ಅಭ್ಯಾಸವಿದ್ದವರಿಗೆ ಈ ವಾಕ್ಯ ಗೊತ್ತು: ‘ಸಮಯದ ಅಭಾವದಿಂದ ಕೃತಿಯನ್ನು ಪೂರ್ತಿ ಓದಲಾಗಿಲ್ಲ, ಆದರೂ ಕಣ್ಣಾಡಿಸಿದ್ದೇನೆ.’ ಹೀಗೆ ಹೇಳುವವರು ಆ ಕೃತಿಯ ಬಗ್ಗೆ ಮಾತಾಡಲೆಂದೇ ಕಾರು ಕಳಿಸಿ ಕರೆಸಿಕೊಂಡವರು. ಇಷ್ಟು ಹೇಳಿದ ಮೇಲೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ, ಲೇಖಕರು ಕೈ ಮುಗಿಯುತ್ತಾರೆ. ಯಾರಿಗೂ ಏನೂ ಅನ್ನಿಸುವುದಿಲ್ಲ.

ಕಳೆದ ತಿಂಗಳು ನಮ್ಮ ಜಿಲ್ಲೆಯ ಇಂಥದೇ ಒಂದು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ವೇದಿಕೆಯ ಮೇಲೆ ಆ ವಾಕ್ಯ ಬರುವ ಹೊತ್ತಿಗೆ ಸರಿಯಾಗಿ ನನ್ನ ಫೋನಿಗೊಂದು ಉತ್ತರ ಬಂತು. ಎರಡು ದಿನದ ಹಿಂದೆ ನಾನು ಓದಿ, ತಪ್ಪು ತೋರಿಸಿದ್ದ ಒಂದು ಡ್ರೈವರ್ ಕೋಡನ್ನು ಇನ್ನೊಬ್ಬರೂ ಓದಿದ್ದರು. ‘ನೀವು ತೋರಿಸಿದ ತಪ್ಪು ನಿಜ. ಅದಕ್ಕಿಂತ ನಾಲ್ಕು ಸಾಲು ಮೇಲೆ ಇನ್ನೊಂದಿದೆ. ನೋಡಲಿಲ್ಲವೇ?’ ಎಂದು ಕೇಳಿದ್ದರು. ನೋಡಿರಲಿಲ್ಲ. ಅವರು ಯಾವ ದೇಶದವರೋ, ಮುಖ ಹೇಗಿದೆಯೋ ಗೊತ್ತಿಲ್ಲ. ಆದರೂ ಕಿವಿ ಬಿಸಿಯಾಯಿತು. ನೂರ ಎಂಬತ್ತು ಸಾಲಿನಲ್ಲಿ ಒಂದು ಸಾಲಿಗೆ ಕಣ್ಣು ತಪ್ಪಿದ್ದಕ್ಕೆ ನಾನು ನಾಚಿಕೊಂಡು ಕೂತಿದ್ದೆ. ನನ್ನ ಎದುರಿಗೇ, ನೂರ ಎಂಬತ್ತು ಪುಟ ಓದದೆ ಬಂದವರಿಗೆ ಹಾರ ಹಾಕುತ್ತಿದ್ದರು.

ಈ ಬರಹ ಆ ಸಿಟ್ಟಿನಲ್ಲಿ ಶುರುವಾದದ್ದು. ಸಿಟ್ಟು ಇಳಿದ ಮೇಲೂ ಮಾತು ಬದಲಾಗಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಾನು ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಊರು ರಟ್ಟೀಹಳ್ಳಿ. ರಾತ್ರಿ ಹೊತ್ತು ಲಿನಕ್ಸ್ ಕರ್ನಲ್‌ಗೆ ಸೇರಲೆಂದು ಬರುವ ಡ್ರೈವರ್ ಕೋಡ್ ಓದುತ್ತೇನೆ. ಬರೆಯುವುದು ಕಡಿಮೆ. ರಜೆಗೆ ಊರಿಗೆ ಬಂದಾಗ ನಮ್ಮ ಕಾಕಾ ಒಂದು ರಾತ್ರಿ ಬಾಗಿಲಲ್ಲಿ ನಿಂತು, ‘ಇಷ್ಟೊತ್ತನ್ಯಾಗ ಏನ್ ಓದ್ತೀಯೋ ತಮ್ಮಾ?’ ಅಂದ. ‘ಬ್ಯಾರೇದವ್ರು ಬರ್ದಿದ್ದು ಸರಿ ಐತೋ ಇಲ್ಲೋ ನೋಡ್ತೀನಿ ಕಾಕಾ.’ ‘ನೋಡಿದ್ರ ರೊಕ್ಕ ಕೊಡ್ತಾರ?’ ‘ಇಲ್ಲ.’ ‘ಹೆಸರ್ ಹಾಕ್ತಾರ?’ ‘ಕೆಳಗ ಒಂದ್ ಸಾಲ್ ಹಾಕ್ತಾರ.’ ಕಾಕಾ ಹೋಗಿ ಮಲಗಿದ. ವಿಶ್ವವಿದ್ಯಾಲಯದಲ್ಲೂ ಒಬ್ಬ ಹಿರಿಯರು ಇದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದ್ದರು: ಇದಕ್ಕೆ ಅಂಕ ಎಷ್ಟು? ಸೊನ್ನೆ ಎಂದೆ. ಅವರೂ ಕಾಕಾನ ಹಾಗೆ ಸುಮ್ಮನಾದರು, ಆದರೆ ಕಾಕಾನಷ್ಟು ಸಮಾಧಾನದಿಂದಲ್ಲ.

ಡ್ರೈವರ್ ಎಂದರೇನು ಎಂದು ಸಾಹಿತ್ಯದ ಗೆಳೆಯರಿಗೆ ಒಂದಿಷ್ಟು ಹೇಳಬೇಕು. ಕಂಪ್ಯೂಟರಿಗೆ ಒಂದು ಕ್ಯಾಮೆರಾ, ಒಂದು ವೈಫೈ ಚಿಪ್ಪು, ಬೆರಳಚ್ಚು ಓದುವ ಒಂದು ಗಾಜಿನ ತುಂಡು ಸಿಕ್ಕಿಸಿದಿರಿ ಎನ್ನಿ. ಒಂದೊಂದಕ್ಕೂ ಅದರದೇ ಭಾಷೆ. ಯಾವ ವಿಳಾಸದಲ್ಲಿ ಯಾವ ಸಂಖ್ಯೆ ಬರೆದರೆ ಎಚ್ಚರವಾಗುತ್ತದೆ, ಎಷ್ಟು ಮಿಲಿಸೆಕೆಂಡ್ ಕಾದರೆ ಉತ್ತರ ಕೊಡುತ್ತದೆ ಎಂಬುದೆಲ್ಲ ಬೇರೆ ಬೇರೆ. ಕರ್ನಲ್ ಎಂಬುದು ಇಡೀ ಯಂತ್ರದ ಯಜಮಾನಿಕೆ ಮಾಡುವ ತಂತ್ರಾಂಶ. ಅದಕ್ಕೂ ಆ ಬಿಡಿ ಭಾಗಕ್ಕೂ ನಡುವೆ ನಿಂತು ಮಾತಾಡಿಸುವ ದುಭಾಷಿಯೇ ಡ್ರೈವರ್. ಮೂರು ಕೋಟಿಗೂ ಮೀರಿದ ಲಿನಕ್ಸ್ ಕರ್ನಲ್‌ನ ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ದುಭಾಷಿಗಳದ್ದೇ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲೂ ಇದೇ ಕರ್ನಲ್ ಇದೆ.

ಈ ದುಭಾಷಿ ಕೂರುವ ಜಾಗವೇ ಅಪಾಯದ್ದು. ಮೊಬೈಲಿನ ಒಂದು ಆ್ಯಪ್ ಕೆಟ್ಟರೆ ಸಂತೆಯಲ್ಲಿ ಒಂದು ಅಂಗಡಿ ಮುಚ್ಚಿದ ಹಾಗೆ; ಉಳಿದ ಸಂತೆ ನಡೆಯುತ್ತದೆ. ಡ್ರೈವರ್ ಇರುವುದು ಕರ್ನಲ್‌ನ ಒಳಗೇ. ಅಲ್ಲಿ ತಪ್ಪಾದರೆ ಮದಗದ ಕೆರೆಯ ಏರಿ ಒಡೆದ ಹಾಗೆ, ಕೆಳಗಿನದೆಲ್ಲ ಹೋಗುತ್ತದೆ. 2001ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಕರ್ನಲ್ ಕೋಡನ್ನು ಜಾಲಾಡಿ, ಉಳಿದ ಭಾಗಕ್ಕೆ ಹೋಲಿಸಿದರೆ ಡ್ರೈವರ್‌ಗಳಲ್ಲಿ ತಪ್ಪಿನ ಪ್ರಮಾಣ ಮೂರರಿಂದ ಏಳು ಪಟ್ಟು ಹೆಚ್ಚು ಎಂದು ತೋರಿಸಿದರು. ಕಾರಣ ಊಹಿಸಬಹುದು. ಕರ್ನಲ್‌ನ ನಡುಭಾಗವನ್ನು ಎಲ್ಲರೂ ಬಳಸುತ್ತಾರೆ, ಹಲವರು ಓದುತ್ತಾರೆ. ಯಾವುದೋ ಒಂದು ಚಿಪ್ಪಿನ ಡ್ರೈವರನ್ನು ಅದು ಇರುವವರಷ್ಟೇ ಬಳಸುತ್ತಾರೆ, ಬರೆದವನು ಬಿಟ್ಟರೆ ಓದುವವರೇ ಇರುವುದಿಲ್ಲ. ಬರೆದವನು ಕಂಪನಿ ಬಿಟ್ಟು ಹೋದರೆ ಅವನೂ ಇಲ್ಲ.

ಓದುವಾಗ ನೋಡುವುದೇನು? ಒಂದು ಡ್ರೈವರ್ ಶುರುವಾಗುವಾಗ ಮೆಮೊರಿ ಕೇಳಿ ಪಡೆಯುತ್ತದೆ, ವಿದ್ಯುತ್ ಪೂರೈಕೆ ಪಡೆಯುತ್ತದೆ, ಗಡಿಯಾರ ಪಡೆಯುತ್ತದೆ, ಇಂಟರಪ್ಟ್ ಪಡೆಯುತ್ತದೆ. ಮದುವೆ ಮನೆಗೆ ನಾಲ್ಕು ಕಡೆಯಿಂದ ಪಾತ್ರೆ, ಚಾಪೆ, ಗ್ಯಾಸ್ ಬತ್ತಿ ತಂದ ಹಾಗೆ. ಮೂರು ಸಿಕ್ಕಿ ನಾಲ್ಕನೆಯದು ಸಿಗದೆ ಮದುವೆ ನಿಂತುಹೋದರೆ, ತಂದ ಮೂರನ್ನೂ ತಂದ ಕ್ರಮಕ್ಕೆ ತಿರುವುಮುರುವಾಗಿ ವಾಪಸ್ ಕೊಡಬೇಕು. ಬರೆಯುವವನು ಮದುವೆ ಚೆನ್ನಾಗಿ ನಡೆದ ದಿನವನ್ನಷ್ಟೇ ಯೋಚಿಸಿರುತ್ತಾನೆ. ಮದುವೆ ಮುರಿದ ದಿನ ಪಾತ್ರೆಗಳೇನಾದವು ಎಂದು ಕೇಳುವುದು ಓದುವವನ ಕೆಲಸ. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಯುಎಸ್‌ಬಿ ಸಾಧನವನ್ನು ಯಾರೋ ಕಿತ್ತುಬಿಟ್ಟಿದ್ದಾರೆ, ಅದರ ಮೆಮೊರಿಯನ್ನು ಕರ್ನಲ್ ಬೇರೆಯವರಿಗೆ ಕೊಟ್ಟಾಗಿದೆ, ಆದರೆ ಹಿಂದೆ ಉಳಿದ ಒಂದು ತುಂಡು ಕೆಲಸ ಇನ್ನೂ ಆ ವಿಳಾಸಕ್ಕೆ ಬರೆಯುತ್ತಿದೆ. ಮಾರಿದ ಹೊಲಕ್ಕೆ ಹಳೇ ಉತಾರ ಹಿಡಿದುಕೊಂಡು ಬಿತ್ತಲು ಹೋದ ಹಾಗೆ. ಒಂಬತ್ತು ಸಲ ಏನೂ ಆಗುವುದಿಲ್ಲ. ಹತ್ತನೆಯ ಸಲ ಅದೇ ಹೊಲದಲ್ಲಿ ಕೊಲೆಯಾಗುತ್ತದೆ.

ಮೂರನೆಯದು ನಂಬಿಕೆಯದು. ಸಾಧನ ‘ನಾನು ಅರವತ್ತನಾಲ್ಕು ಬೈಟ್ ಕಳಿಸುತ್ತಿದ್ದೇನೆ’ ಎನ್ನುತ್ತದೆ. ಡ್ರೈವರ್ ಇಟ್ಟ ಪಾತ್ರೆ ಮೂವತ್ತೆರಡರದ್ದು. ಸಾಧನದ ಮಾತನ್ನು ಪರೀಕ್ಷಿಸದೆ ಸುರಿದುಕೊಂಡರೆ ಪಕ್ಕದವರ ಮೆಮೊರಿ ಹಾಳು. ‘ಸಾಧನ ಯಾಕೆ ಸುಳ್ಳು ಹೇಳುತ್ತದೆ?’ ಎಂದು ಬರೆದವರು ಕೇಳುತ್ತಾರೆ. ಸಾಧನ ಹೇಳದಿರಬಹುದು, ಸಾಧನದ ವೇಷ ಹಾಕಿಕೊಂಡು ಬಂದವರು ಹೇಳುತ್ತಾರೆ. 2017ರಲ್ಲಿ ಆಂಡ್ರೇ ಕೊನೊವಾಲೊವ್ ಎಂಬ ಎಂಜಿನಿಯರ್ ಇಂಥ ಸುಳ್ಳುಗಳನ್ನು ಯಂತ್ರದಿಂದಲೇ ಹುಟ್ಟಿಸಿ ಕರ್ನಲ್‌ನ ಯುಎಸ್‌ಬಿ ಡ್ರೈವರ್‌ಗಳಿಗೆ ಉಣಿಸಿದಾಗ ತಪ್ಪುಗಳು ಸಾಲುಸಾಲಾಗಿ ಹೊರಬಿದ್ದವು. ಅವುಗಳಲ್ಲಿ ವರ್ಷಗಟ್ಟಲೆ ಎಲ್ಲರ ಕಂಪ್ಯೂಟರಿನಲ್ಲೂ ಇದ್ದ ಕೋಡೂ ಇತ್ತು.

ಈಗ ಸಹಿಯ ವಿಷಯಕ್ಕೆ ಬರುತ್ತೇನೆ. ನನ್ನ ತಕರಾರಿನ ಹುರಿ ಇರುವುದು ಅಲ್ಲೇ. ಎಸ್‌ಸಿಒ ಎಂಬ ಕಂಪನಿ ಲಿನಕ್ಸ್‌ನಲ್ಲಿ ತನ್ನ ಕೋಡ್ ಸೇರಿದೆ ಎಂದು ಕೋರ್ಟಿಗೆ ಹೋದ ಮರುವರ್ಷ, 2004ರಲ್ಲಿ, ಕರ್ನಲ್‌ಗೆ ಕೋಡ್ ಕೊಡುವ ಪ್ರತಿಯೊಬ್ಬರೂ ‘ಸೈನ್ಡ್-ಆಫ್-ಬೈ’ ಎಂದು ತಮ್ಮ ಹೆಸರು ಹಾಕಬೇಕು ಎಂಬ ನಿಯಮ ಬಂತು. ಇದನ್ನು ಕೊಡುವ ಹಕ್ಕು ನನಗಿದೆ ಎಂಬ ಹೊಣೆಯ ಸಹಿ ಅದು. ನಮಗೇನೂ ಹೊಸದಲ್ಲ. ನಮ್ಮೂರಿನ ಕದಂಬೇಶ್ವರ ಗುಡಿಯಲ್ಲಿ ಶಾಸನಗಳಿವೆ. ಹಳಗನ್ನಡದ ಎಷ್ಟೋ ಶಾಸನಗಳ ಕೊನೆಗೆ ಬರೆದ ಕವಿಯ ಹೆಸರು, ಕಲ್ಲಿನಲ್ಲಿ ಕಂಡರಿಸಿದವನ ಹೆಸರು ಇರುತ್ತದೆ. ನಮ್ಮಲ್ಲಿ ಇಲ್ಲದ್ದು ಅದರ ನಂತರದ ಸಾಲು. ‘ರಿವ್ಯೂಡ್-ಬೈ’ ಎಂದು ಹೆಸರು ಹಾಕಿದವನು ನಾಲ್ಕು ಮಾತಿಗೆ ಬದ್ಧನಾಗುತ್ತಾನೆ: ಇದನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇನೆ, ಕಂಡ ತೊಂದರೆಗಳನ್ನು ಬರೆದವರಿಗೆ ತಿಳಿಸಿ ಅವರ ಉತ್ತರದಿಂದ ಸಮಾಧಾನಗೊಂಡಿದ್ದೇನೆ, ಇದು ಕರ್ನಲ್‌ಗೆ ಸೇರಲು ಯೋಗ್ಯ ಎಂದು ನಂಬಿದ್ದೇನೆ, ಹಾಗಂತ ಇದು ಕೆಲಸ ಮಾಡಿಯೇ ಮಾಡುತ್ತದೆಂದು ಗ್ಯಾರಂಟಿ ಕೊಡುತ್ತಿಲ್ಲ. ಒಪ್ಪಿಗೆಯಿದೆ ಆದರೆ ಪೂರ್ತಿ ಓದಿದ ಹೊಣೆ ನನ್ನದಲ್ಲ ಎನ್ನುವವರಿಗೆ ‘ಆಕ್ಡ್-ಬೈ’ ಎಂಬ ಬೇರೆ ಸಹಿ. ಯಂತ್ರದ ಮೇಲೆ ಓಡಿಸಿ ನೋಡಿದವರಿಗೆ ‘ಟೆಸ್ಟೆಡ್-ಬೈ’. ಅಂದರೆ ‘ಕಣ್ಣಾಡಿಸಿದ್ದೇನೆ’ ಎಂಬುದಕ್ಕೂ ಅಲ್ಲಿ ಒಂದು ಮರ್ಯಾದೆಯ ಜಾಗವಿದೆ. ಕಣ್ಣಾಡಿಸಿದವನು ಓದಿದವನ ಕುರ್ಚಿಯಲ್ಲಿ ಕೂರುವಂತಿಲ್ಲ, ಅಷ್ಟೆ.

ಈ ನಾಲ್ಕು ಮಾತುಗಳನ್ನು ನಮ್ಮ ಮುನ್ನುಡಿ, ಬೆನ್ನುಡಿಗಳ ಪಕ್ಕ ಇಟ್ಟು ನೋಡಿ. ಲೇಖಕರಿಗೆ ‘ಈ ಅಧ್ಯಾಯ ನಿಲ್ಲುವುದಿಲ್ಲ, ತೆಗೆಯಿರಿ’ ಎಂದು ಹೇಳಿ, ತೆಗೆಸಿ, ಆಮೇಲೆ ಬೆನ್ನುಡಿ ಬರೆದವರು ಎಷ್ಟು ಜನ? ಹಾನಗಲ್ ತಾಲ್ಲೂಕಿನ ಬೊಮ್ಮನಹಳ್ಳಿಯಲ್ಲಿ ಹುಟ್ಟಿದ ಜಿ.ಎಸ್. ಆಮೂರ ಅವರು ಬದುಕಿಡೀ ಬೇರೆಯವರನ್ನು ಓದಿದವರು. 1996ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಬೇಂದ್ರೆಯವರನ್ನು ಓದಿ ಬರೆದ ‘ಭುವನದ ಭಾಗ್ಯ’ಕ್ಕೆ. ನಮ್ಮ ಜಿಲ್ಲೆಯ ಕವಿಗಳ ಹೆಸರು ಹೇಳು ಎಂದರೆ ಶಾಲೆಯ ಹುಡುಗರು ಕನಕದಾಸ, ಸರ್ವಜ್ಞ, ಶರೀಫ ಎಂದು ಪಟಪಟ ಹೇಳುತ್ತಾರೆ. ಆಮೂರರ ಹೆಸರು ಎಂ.ಎ. ತನಕ ಕಿವಿಗೆ ಬೀಳುವುದಿಲ್ಲ. ಓದುವವನಿಗೆ ನಾವು ಕೊಟ್ಟ ಜಾಗ ಇದು.

‘ಹೋಲಿಕೆ ಚೆನ್ನಾಗಿದೆ, ಆದರೆ ಕೋಡ್ ಬೇರೆ, ಕಾವ್ಯ ಬೇರೆ’ ಎಂದು ಒಬ್ಬ ಕವಿಮಿತ್ರ ಅಂದ. ಬೇರೆಯೇ. ಕೆಟ್ಟ ಕವಿತೆಯಿಂದ ಯಾರ ರೇಷನ್ನೂ ನಿಲ್ಲುವುದಿಲ್ಲ. ಆದರೆ ಓದದೆ ಸಹಿ ಹಾಕುವ ಕೈ ಒಂದೇ. ನಾನು ಎಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಲ್ಯಾಬ್ ರೆಕಾರ್ಡ್ ಬರೆದೆ. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ನಾವು ನಕಲು ಮಾಡುತ್ತಿದ್ದೆವು, ಅವರು ಅವರ ಹಿಂದಿನವರದ್ದು. ಒಂದು ಪ್ರೋಗ್ರಾಮಿನಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋಗಿತ್ತು; ಅದು ಇಲ್ಲದೆ ಅದು ಓಡುವುದೇ ಇಲ್ಲ. ಮೂರು ಬ್ಯಾಚಿನ ರೆಕಾರ್ಡಿನಲ್ಲೂ ಅದೇ ಜಾಗದಲ್ಲಿ ಅದು ಇರಲಿಲ್ಲ, ಮೂರರಲ್ಲೂ ಕೆಳಗೆ ಕೆಂಪು ಶಾಯಿಯ ಸಹಿ ಇತ್ತು. ಎಂಟು ಸೆಮಿಸ್ಟರಿನಲ್ಲಿ ಬೇರೆಯವರು ಬರೆದ ಐನೂರು ಸಾಲು ಕೋಡನ್ನು ಕೊಟ್ಟು ‘ಇದನ್ನು ಓದು, ಇದರಲ್ಲಿ ಏನು ತಪ್ಪಿದೆ ಹೇಳು’ ಎಂದು ಯಾರೂ ಒಮ್ಮೆಯೂ ಕೇಳಲಿಲ್ಲ. ಹಾಗೆ ಓದಿದ ನಾವು ಬೆಂಗಳೂರಿಗೆ ಹೋಗಿ ನಾಡಿಗೆ ಹೆಮ್ಮೆ ತಂದೆವು.

ನನ್ನ ಮೊದಲ ಪ್ಯಾಚ್ ಬಗ್ಗೆಯೂ ಹೇಳಿಬಿಡುತ್ತೇನೆ, ಇಲ್ಲವಾದರೆ ಉಪದೇಶವಾಗುತ್ತದೆ. ಕರ್ನಲ್‌ನಲ್ಲಿ ‘ಸ್ಟೇಜಿಂಗ್’ ಎಂಬ ಒಂದು ವಿಭಾಗವಿದೆ, 2008ರಿಂದ. ಮನೆಯೊಳಗೆ ಬಿಟ್ಟುಕೊಳ್ಳುವಷ್ಟು ಚೊಕ್ಕಟವಾಗದ ಡ್ರೈವರ್‌ಗಳು ಅಲ್ಲಿ ಪಡಸಾಲೆಯಲ್ಲಿ ಕೂತಿರುತ್ತವೆ. ಏನೇನು ಸರಿಮಾಡಬೇಕು ಎಂಬ ಪಟ್ಟಿಯೂ ಜೊತೆಗಿರುತ್ತದೆ. ನಾನು ಅಲ್ಲಿ ಒಂದು ಸಾಲಿನ ಖಾಲಿ ಜಾಗ ಸರಿಮಾಡಿ ಕಳಿಸಿದೆ. ಸೇರಿತು. ಅವತ್ತೇ ರೆಸ್ಯೂಮೆಯಲ್ಲಿ ‘ಲಿನಕ್ಸ್ ಕರ್ನಲ್ ಕಾಂಟ್ರಿಬ್ಯೂಟರ್’ ಎಂದು ಬರೆದುಕೊಂಡೆ. ಎರಡನೆಯದು ಹನ್ನೆರಡು ಸಾಲಿನದು, ನಿಜವಾದ ತಪ್ಪು ತಿದ್ದುವಂಥದ್ದು. ನಾಲ್ಕು ಸಲ ವಾಪಸ್ ಬಂತು. ಮೂರನೇ ಸಲ ಬಂದ ಮಾತು: ‘ಬದಲಾವಣೆ ಸರಿಯಿದೆ, ವಿವರಣೆ ತಪ್ಪಿದೆ. ಏನು ಮಾಡಿದ್ದೀರಿ ಎಂದು ಕೋಡ್ ನೋಡಿದರೆ ಗೊತ್ತಾಗುತ್ತದೆ. ಯಾಕೆ ಎಂದು ಬರೆಯಿರಿ.’ ಅದಕ್ಕೆ ಎರಡು ದಿನ ಬೇಕಾಯಿತು, ಯಾಕೆಂದರೆ ಯಾಕೆ ಎಂದು ನನಗೇ ಗೊತ್ತಿರಲಿಲ್ಲ. ಎಲ್ಲಿಂದಲೋ ನೋಡಿ ಮಾಡಿದ್ದೆ. ಆ ಎರಡು ದಿನ ಸುತ್ತಲಿನ ಎರಡು ಸಾವಿರ ಸಾಲು ಓದಿದೆ. ಬೇರೆಯವರ ಕೋಡನ್ನು ಬಿಡದೆ ಓದುವುದು ಅಲ್ಲಿಂದ ಶುರು. ನನ್ನ ಹದಿನೆಂಟು ವರ್ಷದ ವಿದ್ಯಾಭ್ಯಾಸದಲ್ಲಿ ‘ಯಾಕೆ ಎಂದು ಬರೆ’ ಎಂದು ಕೇಳಿ, ಬರೆಯುವವರೆಗೂ ಬಿಡದೆ ಇದ್ದದ್ದು ಅವರೊಬ್ಬರೇ.

ದೊಡ್ಡವರಿಗೂ ಹೀಗೇ ಹೇಳುತ್ತಾರೆಯೇ ಎಂದರೆ, ಹೇಳುತ್ತಾರೆ. 2016ರ ಡಿಸೆಂಬರಿನಲ್ಲಿ ಎಎಂಡಿ ಕಂಪನಿ ತನ್ನ ಹೊಸ ಗ್ರಾಫಿಕ್ಸ್ ಚಿಪ್ಪುಗಳಿಗಾಗಿ ಲಕ್ಷದ ಹತ್ತಿರದಷ್ಟು ಸಾಲಿನ ಡ್ರೈವರ್ ಕೋಡ್ ಸೇರಿಸಿಕೊಳ್ಳಲು ಕೇಳಿತು. ಬೇರೆ ಆಪರೇಟಿಂಗ್ ಸಿಸ್ಟಮ್‌ಗಳಿಗೂ ಅದೇ ಕೋಡ್ ಬಳಸಲೆಂದು ನಡುವೆ ಒಂದು ಹೊದಿಕೆಯ ಪದರ ಹಾಕಿದ್ದರು. ಗ್ರಾಫಿಕ್ಸ್ ವಿಭಾಗದ ಮೇಂಟೇನರ್ ಡೇವ್ ಏರ್ಲಿ ಆಗುವುದಿಲ್ಲ ಎಂದರು. ಅವರ ವಾದ ಸರಳ: ಈ ಪದರ ನಿಮ್ಮ ಅನುಕೂಲಕ್ಕೆ. ನಾಳೆ ನೀವು ಎದ್ದು ಹೋದರೆ ಇದನ್ನು ಓದಿ ಅರ್ಥ ಮಾಡಿಕೊಂಡು ನಡೆಸಬೇಕಾದವರು ನಾವು. ದೊಡ್ಡ ಕಂಪನಿ ಎಂದು ವಿನಾಯಿತಿ ಕೊಟ್ಟರೆ ನಾಳೆ ಎಲ್ಲರಿಗೂ ಕೊಡಬೇಕು. ಕಂಪನಿಯ ಎಂಜಿನಿಯರುಗಳಿಗೆ ನೋವಾಯಿತು, ಸಾರ್ವಜನಿಕವಾಗಿಯೇ ಜಗಳವಾಯಿತು, ಆಮೇಲೆ ಕೂತು ಸರಿಮಾಡಿದರು. ಸುಮಾರು ಒಂದು ವರ್ಷದ ನಂತರ, 2018ರ ಜನವರಿಯಲ್ಲಿ ಹೊರಬಂದ 4.15ನೇ ಆವೃತ್ತಿಯಲ್ಲಿ ಅದು ಸೇರಿತು. ಇವತ್ತು ಎಎಂಡಿ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿ, ಬೇರೇನೂ ಹುಡುಕದೆ ಪರದೆ ಬೆಳಗಿದ್ದನ್ನು ನೋಡುವವರು ಆ ‘ಆಗುವುದಿಲ್ಲ’ದ ಫಲ ಉಣ್ಣುತ್ತಿದ್ದಾರೆ.

ಇದನ್ನು ಹೇಳಿದ ತಕ್ಷಣ ಒಂದು ಆಕ್ಷೇಪ ಬರುತ್ತದೆ: ಆ ಜನ ಒರಟರಂತೆ, ಬೈಯುತ್ತಾರಂತೆ. ನಿಜ. ಯುಎಸ್‌ಬಿ 3.0ರ ಹೋಸ್ಟ್ ಡ್ರೈವರ್ ಬರೆದ ಸೇಜ್ ಶಾರ್ಪ್ 2015ರಲ್ಲಿ, ಇಲ್ಲಿ ಮನುಷ್ಯರನ್ನು ಮಾತಾಡಿಸುವ ರೀತಿ ಸರಿಯಿಲ್ಲ ಎಂದು ಬಹಿರಂಗವಾಗಿ ಹೇಳಿ ಹೊರಟುಹೋದರು. ಅಷ್ಟು ಒಳ್ಳೆಯ ಕೈಯನ್ನು ಕಳೆದುಕೊಂಡದ್ದು ಕರ್ನಲ್‌ನ ನಷ್ಟ, ಅವಮಾನ ಕೂಡ. 2018ರ ಸೆಪ್ಟೆಂಬರಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಸ್ವತಃ ತನ್ನ ಮಾತಿನ ರೀತಿಗೆ ಕ್ಷಮೆ ಕೇಳಿ ಕೆಲವು ವಾರ ದೂರ ಉಳಿದರು. ನಡವಳಿಕೆಯ ಸಂಹಿತೆಯೂ ಬಂತು. ನನ್ನ ಅನುಭವದಲ್ಲಿ, ಬೈದವರಿಗಿಂತ ಬೈಯದೆ ಬೇಡ ಎಂದವರ ಓದೇ ಹೆಚ್ಚು ಆಳವಾದದ್ದು. ಬೈಗುಳ ಬಹಳ ಸಲ ಪೂರ್ತಿ ಓದಿಲ್ಲ ಎಂಬುದರ ಗುರುತು. ಆದರೆ ನಮ್ಮವರು ಈ ಒರಟುತನವನ್ನು ನೆಪ ಮಾಡಿಕೊಂಡು ‘ನಮ್ಮದು ಸೌಜನ್ಯದ ಪರಂಪರೆ’ ಎನ್ನುವಾಗ ನಗು ಬರುತ್ತದೆ. ವೇದಿಕೆಯ ಮೇಲೆ ಹೊಗಳಿ, ಕೆಳಗಿಳಿದು ಚಹಾ ಕುಡಿಯುತ್ತ ಅದೇ ಪುಸ್ತಕವನ್ನು ಹರಿದು ಹಾಕುವುದು ಯಾವ ಸೌಜನ್ಯ?

ಓದುವುದರಿಂದ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳುತ್ತಿಲ್ಲ. ತೆರೆದ ಕೋಡನ್ನು ಸಾವಿರ ಕಣ್ಣು ನೋಡುತ್ತವೆ, ಆದ್ದರಿಂದ ತಪ್ಪು ಉಳಿಯುವುದಿಲ್ಲ ಎಂಬ ಮಾತು ಓಪನ್ ಸೋರ್ಸ್ ಜನರಲ್ಲಿ ಮಂತ್ರದಂತೆ ಓಡಾಡುತ್ತದೆ. ಅದು ಅರ್ಧ ಸುಳ್ಳು. ಎನ್-ಎಚ್‌ಡಿಎಲ್‌ಸಿ ಎಂಬ ಡ್ರೈವರಿನಲ್ಲಿ 2009ರಲ್ಲಿ ಸೇರಿದ ಒಂದು ತಪ್ಪು, ಯಾರು ಬೇಕಾದರೂ ಯಂತ್ರದ ಯಜಮಾನನಾಗಬಹುದಾದಂಥ ತಪ್ಪು, ಸಿಕ್ಕಿದ್ದು 2017ರಲ್ಲಿ. ಎಂಟು ವರ್ಷ ಕೋಡ್ ಬಾಗಿಲು ತೆರೆದೇ ಇತ್ತು. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಯಾರಾದರೂ ಒಳಗೆ ಬಂದಿದ್ದಾರೆ ಎಂದಲ್ಲ. ಗ್ರಂಥಾಲಯದ ಕಪಾಟಿಗೆ ಬೀಗವಿಲ್ಲ ಎಂಬುದಕ್ಕೂ ಪುಸ್ತಕ ಓದಿಸಿಕೊಂಡಿದೆ ಎಂಬುದಕ್ಕೂ ಏನು ಸಂಬಂಧ?

ಸಂಶೋಧನಾ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡಿದ್ದು 2021ರ ಘಟನೆ. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಸಂಶೋಧಕರು, ಓದುವವರ ಕಣ್ಣು ತಪ್ಪಿಸಬಹುದೇ ಎಂದು ಪರೀಕ್ಷಿಸಲು ಬೇಕೆಂದೇ ತಪ್ಪಿರುವ ಪ್ಯಾಚುಗಳನ್ನು ತಿದ್ದುಪಡಿಯ ಹೆಸರಲ್ಲಿ ಕಳಿಸಿದ್ದರು. ಅದನ್ನೇ ಪ್ರಬಂಧವಾಗಿಯೂ ಬರೆದರು. ಏಪ್ರಿಲ್‌ನಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದಿಂದ ಬರುವ ಕೊಡುಗೆಗಳನ್ನೇ ನಿಲ್ಲಿಸಿದರು. ಅಲ್ಲಿಂದ ಹಿಂದೆ ಬಂದಿದ್ದ ಪ್ಯಾಚುಗಳನ್ನೆಲ್ಲ ಮತ್ತೆ ಕೂತು ಓದಬೇಕಾಯಿತು. ಪ್ರಬಂಧವನ್ನು ಹಿಂತೆಗೆದುಕೊಂಡರು, ಕ್ಷಮೆಯನ್ನೂ ಕೇಳಿದರು. ಓದುವವರ ಸಮಯಕ್ಕೆ ಬೆಲೆಯೇ ಇಲ್ಲ ಎಂದು ಅಂದುಕೊಂಡರೆ ಮಾತ್ರ ಇಂಥ ಪ್ರಯೋಗ ಹೊಳೆಯುತ್ತದೆ. ಪ್ರಬಂಧಕ್ಕೆ ಅಂಕ, ಓದಿಗೆ ಸೊನ್ನೆ ಎನ್ನುವ ಲೆಕ್ಕ ಮಿನೆಸೋಟಾದಲ್ಲೂ ಅದೇ, ನಮ್ಮಲ್ಲೂ ಅದೇ.

ಬೆಂಗಳೂರಿನ ಮಾತು ಬಾರದೆ ಇದು ಮುಗಿಯುವುದಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿಗೆ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಸಿಂಪ್ಯೂಟರ್, ಲಿನಕ್ಸ್ ಮೇಲೆ ನಡೆಯುವ ಅಂಗೈ ಯಂತ್ರ, 2004ರಲ್ಲಿ ಮಾರುಕಟ್ಟೆಗೆ ಬಂತು. ಅದರ ಹಾರ್ಡ್‌ವೇರ್ ವಿನ್ಯಾಸವನ್ನೇ ಬಹಿರಂಗ ಮಾಡುವ ಪರವಾನಗಿ ಬರೆದಿದ್ದರು. ಕೊಳ್ಳುವವರು ಕಡಿಮೆಯಾದರು ಎಂಬುದು ಬೇರೆ ಕತೆ. 2001ರಲ್ಲಿ ‘ಲಿನಕ್ಸ್ ಬ್ಯಾಂಗಲೋರ್’ ಎಂದು ಶುರುವಾಗಿ ಮುಂದೆ ‘ಫಾಸ್ ಡಾಟ್ ಇನ್’ ಆದ ಸಮಾವೇಶ 2012ರ ತನಕ ನಡೆಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಅತುಲ್ ಚಿಟ್ನಿಸ್, ಕೇಳಿ ಎದ್ದು ಹೋಗುವವರು ಸಾಕು, ಕೂತು ಕೊಡುವವರು ಬೇಕು ಎಂದು ಹಟ ಹಿಡಿದು ಸಮಾವೇಶದ ಸ್ವರೂಪವನ್ನೇ ಬದಲಿಸಿದರು. ಅವರ ಹಟ ಸರಿ. ಆದರೆ ಕೊಡುವುದು ಎಂದರೆ ಬರೆಯುವುದು ಎಂದಷ್ಟೇ ನಾವು ಅರ್ಥ ಮಾಡಿಕೊಂಡೆವು. ಇವತ್ತು ಕರ್ನಲ್‌ಗೆ ಪ್ಯಾಚ್ ಕಳಿಸುವ ಭಾರತೀಯ ಹೆಸರುಗಳಿಗೆ ಕೊರತೆಯಿಲ್ಲ. ಡಿಎಂಎ ಎಂಜಿನ್ ವಿಭಾಗದ ವಿನೋದ್ ಕೌಲ್ ಅವರಂತೆ ಒಂದಿಡೀ ವಿಭಾಗವನ್ನು ವರ್ಷಗಟ್ಟಲೆ ಓದಿ ಕಾದವರೂ ಇದ್ದಾರೆ. ಅಂಥವರು ಹತ್ತು ಜನ ಇರುವ ಕಡೆ ಸಾವಿರ ಜನ ಇರಬೇಕಿತ್ತು ಎಂಬುದು ನನ್ನ ದೂರು. ವರ್ಷದ ಕೊನೆಗೆ ಎಷ್ಟು ಪ್ಯಾಚ್ ಬರೆದೆ ಎಂದು ಎಣಿಸುವ ಮ್ಯಾನೇಜರು, ಎಷ್ಟು ಓದಿದೆ, ಎಷ್ಟನ್ನು ತಡೆದೆ ಎಂದು ಎಣಿಸುವುದಿಲ್ಲ.

‘ಇನ್ನು ಮುಂದೆ ಎಐ ಓದುತ್ತದೆ ಬಿಡಪ್ಪಾ’ ಎನ್ನುವವರಿಗೆ ಒಂದೇ ಮಾತು. ಯಂತ್ರಗಳು ಬಹಳ ಕಾಲದಿಂದ ಓದುತ್ತಿವೆ, ಓದಲಿ, ನನಗೆ ಸಿಗದ ತಪ್ಪು ಅವಕ್ಕೆ ಸಿಕ್ಕರೆ ಸಂತೋಷ. ನಾಳೆ ಏರಿ ಒಡೆದಾಗ ‘ನಾನು ಓದಿದ್ದೆ, ನನಗೆ ಕಾಣಲಿಲ್ಲ’ ಎನ್ನುವವರು ಯಾರು?

ಇದೆಲ್ಲ ರಟ್ಟೀಹಳ್ಳಿಗೆ ಯಾಕೆ ಬೇಕು ಎಂದರೆ, ನಮ್ಮ ಅವ್ವನ ಹೆಬ್ಬೆಟ್ಟಿಗಾಗಿ ಬೇಕು. ನಮ್ಮ ಕಡೆ ಹೈಬ್ರಿಡ್ ಬೀಜೋತ್ಪಾದನೆಯ ಕೆಲಸ ಬಹಳ. ಅವ್ವ ಎಷ್ಟೋ ವರ್ಷ ಹತ್ತಿಯ ಕ್ರಾಸಿಂಗ್‌ಗೆ ಹೋದಳು. ಸಂಜೆ ಹೆಣ್ಣು ಹೂವಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಹೂವು ತಂದು ತೀಡಬೇಕು. ಎಲ್ಲ ಬೆರಳ ತುದಿಯಿಂದಲೇ. ರೇಷನ್ ಅಂಗಡಿಯ ಬೆರಳಿನ ಯಂತ್ರ ಅವಳನ್ನು ಎರಡು ದಿನ ಸತತ ವಾಪಸ್ ಕಳಿಸಿತು. ‘ಕೈ ತೊಳಕೊಂಡ್ ಬಾ ಅವ್ವಾ’, ‘ಎಣ್ಣಿ ಹಚ್ಚಿ ಒರಸ್ಕೊಂಡ್ ಬಾ’. ಮೂರನೇ ದಿನ ತೋರುಬೆರಳು ಒಪ್ಪಿತು. ‘ನನ್ನ ಬೆರಳು ಸವದಾವಂತ’ ಎಂದು ಅವ್ವ ಮನೆಗೆ ಬಂದು ಅಂದಳು, ತನ್ನದೇ ತಪ್ಪು ಎಂಬಂತೆ.

ಸವೆದಿರಬಹುದು. ಆದರೆ ಬೆರಳಿನ ಮೇಲೆ ತಪ್ಪು ಹೊರಿಸುವ ಮೊದಲು ಯಂತ್ರವನ್ನು ಕೇಳಬೇಕಲ್ಲ? ಆ ಗಾಜು ಚಿತ್ರ ತೆಗೆದುಕೊಟ್ಟಿತೇ, ಕೊಟ್ಟಿದ್ದನ್ನು ಡ್ರೈವರ್ ಪೂರ್ತಿ ಓದಿತೇ, ಇನ್ನೂ ಅರ್ಧ ಬರುವ ಮೊದಲೇ ಕಾಯುವುದು ಬಿಟ್ಟು ‘ಹೊಂದಲಿಲ್ಲ’ ಎಂದಿತೇ? ಸೆನ್ಸರ್‌ಗಳ ಡ್ರೈವರ್ ಓದುವಾಗ ಈ ಥರದ ತಪ್ಪು ನಾನು ಕೈಯಾರೆ ಹಿಡಿದಿದ್ದೇನೆ, ಕಾಯುವ ಅವಧಿ ಕಡಿಮೆ ಇಟ್ಟ ಕಾರಣಕ್ಕೆ ಸರಿಯಾದ ಉತ್ತರವನ್ನು ಬೀಸಾಡುವ ತಪ್ಪು. ಅವ್ವನ ಎದುರಿಗಿದ್ದ ಯಂತ್ರವನ್ನು ಹಾಗೆ ತೆರೆದು ನೋಡಲು ಬರುವುದಿಲ್ಲ. ಅದರ ಕೋಡ್ ಮುಚ್ಚಿದೆ. ಅದರ ಕೆಳಗೆ ‘ನಾನು ಓದಿದ್ದೇನೆ’ ಎಂದು ಯಾರ ಹೆಸರೂ ಇಲ್ಲ. ಅವ್ವ ಕ್ರಾಸಿಂಗ್ ಮಾಡಿದ ಹತ್ತಿಯ ಗಂಡು ತಳಿ, ಹೆಣ್ಣು ತಳಿ ಎರಡೂ ಕಂಪನಿಯವು, ಅವು ಏನೆಂದು ಅವಳಿಗೆ ಗೊತ್ತಿಲ್ಲ. ಅವಳ ಬೆರಳನ್ನು ಅಳೆಯುವ ಯಂತ್ರದ ಹೊಟ್ಟೆಯೂ ಹಾಗೆಯೇ.

ಆದ್ದರಿಂದ ನಾನು ಕೇಳುವುದು ಕನ್ನಡದ ಉದ್ಧಾರವನ್ನಲ್ಲ, ಟೆಂಡರಿನಲ್ಲಿ ಒಂದು ಷರತ್ತನ್ನು. ಜನರ ಅನ್ನದ, ಹೊಲದ, ಪಿಂಚಣಿಯ ಬಾಗಿಲಲ್ಲಿ ಕೂರುವ ಯಾವ ಯಂತ್ರವನ್ನೇ ಸರ್ಕಾರ ಕೊಳ್ಳಲಿ, ಅದರ ಡ್ರೈವರ್ ಕೋಡ್ ಬಹಿರಂಗವಾಗಿರಬೇಕು, ಮುಖ್ಯ ಕರ್ನಲ್‌ನಲ್ಲಿ ಓದಿಸಿಕೊಂಡು ಸೇರಿದ್ದಾದರೆ ಇನ್ನೂ ಒಳ್ಳೆಯದು. ‘ವ್ಯಾಪಾರದ ಗುಟ್ಟು’ ಎಂದು ಕಂಪನಿಗಳು ಗೋಳಾಡುತ್ತವೆ. ಲಿನಸ್ 2012ರಲ್ಲಿ ಫಿನ್ಲೆಂಡಿನ ಒಂದು ಸಭೆಯಲ್ಲಿ ಎನ್‌ವಿಡಿಯಾಗೆ ಬೆರಳು ತೋರಿಸಿದ ಪ್ರಸಂಗ ಎಲ್ಲರೂ ನೋಡಿದ್ದೇ. ಹತ್ತು ವರ್ಷ ಗುಟ್ಟು ಎಂದ ಅದೇ ಕಂಪನಿ 2022ರ ಮೇ ತಿಂಗಳಲ್ಲಿ ತನ್ನ ಕರ್ನಲ್ ಮಾಡ್ಯೂಲ್‌ಗಳ ಕೋಡನ್ನು ಬಹಿರಂಗ ಮಾಡಿತು. ಆಕಾಶವೇನೂ ಬೀಳಲಿಲ್ಲ. ಇನ್ನು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ಸೆಮಿಸ್ಟರ್, ಒಂದೇ ಒಂದು, ಏನನ್ನೂ ಬರೆಯದೆ ಬೇರೆಯವರ ಕೋಡ್ ಓದುವ ಪರೀಕ್ಷೆ ಇರಲಿ. ಅದಕ್ಕೆ ಅಂಕ ಕೊಡುವವರು ಮೊದಲು ಓದಬೇಕಾಗುತ್ತದೆ. ಆ ಕಾರಣಕ್ಕೇ ಅದು ಬರುವುದಿಲ್ಲ ಎಂದು ನನ್ನ ಗುಮಾನಿ.

ಇದನ್ನು ಬರೆಯುತ್ತಿರುವಾಗ ಆ ಸಭೆಯ ಸಂಘಟಕರು ಫೋನ್ ಮಾಡಿದ್ದರು. ನಮ್ಮ ಕಡೆಯ ಹೊಸಬರೊಬ್ಬರ ಕಾದಂಬರಿ, ಇನ್ನೂರ ಹನ್ನೆರಡು ಪುಟ, ಬರುವ ಭಾನುವಾರ ಬಿಡುಗಡೆ, ನಾನು ಕೃತಿಯ ಬಗ್ಗೆ ಮಾತಾಡಬೇಕು. ಅವತ್ತು ಗುರುವಾರ. ‘ಪುಸ್ತಕ ಕಳಸ್ರಿ ಸರ್, ಮೂರು ವಾರ ಟೈಮ್ ಕೊಡ್ರಿ’ ಎಂದೆ. ‘ಅಷ್ಟ್ಯಾಕ್ರೀ ತಮ್ಮಾರ? ಎಲ್ಲಾ ಓದೂದೇನ್ ಬ್ಯಾಡ, ನಾಕ್ ಮಾತಾಡ್ರಿ ಸಾಕು’ ಎಂದರು. ಹಾಗಾದರೆ ನನ್ನ ಹೆಸರು ಬಿಡಿ ಎಂದೆ.

ಆಮಂತ್ರಣ ಪತ್ರಿಕೆ ಆಗಲೇ ಅಚ್ಚಾಗಿದೆಯಂತೆ.